ಕೊಡಗಿನ ಮಳೆಗೆ ಪೂಲ್ ಕವರ್ ನಂಬಿ ಕೂರಬೇಡಿ

ನೆಲ ಅಗೆಯದೆ ಪೈಪ್ ಫ್ರೇಮ್ ನಿಲ್ಲಿಸಿ ಕಟ್ಟುವ ಸ್ವಿಮ್ಮಿಂಗ್ ಪೂಲ್ ಈಗ ನಮ್ಮ ಕಡೆಯ ಹೋಂಸ್ಟೇಗಳಿಗೂ ಬಂದಿದೆ. ಖರ್ಚು ಕಡಿಮೆ, ಗೆಸ್ಟ್‌ಗಳಿಗೂ ಖುಷಿ. ಅದರ ಜೊತೆಗೆ 'ಆಲ್ ಸೀಸನ್' ಅಂತ ಒಂದು ಕವರ್ ಕೂಡ ಮಾರುತ್ತಾರೆ. ಅದನ್ನು ಹಾಕಿಟ್ಟು ಮಳೆಗಾಲ ಕಳೆಯಬಹುದು ಅಂದುಕೊಂಡವರು ಇದನ್ನು ಪೂರ್ತಿ ಓದಿ. ನಮ್ಮ ಪೂಲ್ ಮುರಿದು ಬಿದ್ದದ್ದೇ ಆ ಕವರ್‌ನಿಂದ.

ನಮ್ಮದು ಮಡಿಕೇರಿಯಿಂದ ಭಾಗಮಂಡಲದ ಕಡೆಗೆ, ಇಳಿಜಾರಿನ ತೋಟ. ಪೂಲ್ ದುಂಡಗಿನದು, 15 ಅಡಿ ಅಗಲ, 4 ಅಡಿ ಎತ್ತರ. ತುಂಬಿದರೆ 16 ಸಾವಿರ ಲೀಟರ್ ಮೇಲೆಯೇ ನೀರು ಹಿಡಿಯುತ್ತದೆ. ಪೂಲ್ ಹಾಕಿಕೊಟ್ಟವರು ಮೇ ಕೊನೆಯಲ್ಲಿ ಬಂದು ಮಳೆಗಾಲದ ವ್ಯವಸ್ಥೆ ಅಂತ ಮಾಡಿದ್ದು ಇಷ್ಟು: ಅರ್ಧ ನೀರು ಹೊರಗೆ ಬಿಟ್ಟರು, ಮೇಲೆ ದಪ್ಪ ಪ್ಲಾಸ್ಟಿಕ್ ಕವರ್ ಎಳೆದರು, ಅಂಚಿನ ರಿಂಗ್‌ಗಳಿಗೆ ಹಗ್ಗ ಪೋಣಿಸಿ ಫ್ರೇಮಿನ ಕಾಲುಗಳಿಗೇ ಬಿಗಿದು ಕಟ್ಟಿದರು. ನಮ್ಮ ಭಾವ ಪಕ್ಕದಲ್ಲೇ ನಿಂತಿದ್ದವರು, "ಅರ್ಧ ನೀರು ಯಾಕೆ ಬಿಡ್ತೀರಿ?" ಅಂತ ಕೇಳಿದರು. "ಕಂಪನಿ ಪುಸ್ತಕದಲ್ಲೇ ನೀರು ಇಳಿಸಿ ಅಂತಿದೆ ಸಾರ್. ಅಕ್ಟೋಬರ್‌ವರೆಗೆ ಇದನ್ನ ಮುಟ್ಟೋದೇ ಬೇಡ" ಅಂದರು.

ಪುಸ್ತಕದಲ್ಲಿ ಹಾಗಿರುವುದು ನಿಜ. ಆದರೆ ಅದನ್ನು ಬರೆದಿರುವುದು ಹಿಮ ಬೀಳುವ ದೇಶದವರಿಗೆ. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಪಂಪಿನ ಪೈಪು, ಸ್ಕಿಮ್ಮರ್ (ನೀರಿನ ಮೇಲಿನ ಕಸ ಸೆಳೆದುಕೊಳ್ಳುವ ಬಾಯಿ) ಎಲ್ಲ ಒಡೆಯುತ್ತವೆ, ಅದಕ್ಕೆ ಅವರು ನೀರನ್ನು ಸ್ಕಿಮ್ಮರ್‌ಗಿಂತ ಸ್ವಲ್ಪ ಕೆಳಗೆ ಇಳಿಸಿ ಕವರ್ ಹಾಕುತ್ತಾರೆ. ಅಲ್ಲೂ ಅರ್ಧಕ್ಕರ್ಧ ಖಾಲಿ ಮಾಡುವುದಿಲ್ಲ. ಕವರ್ ಕೆಳಗೆ ಗಾಳಿ ತುಂಬಿದ ದಿಂಬು ಇಡುತ್ತಾರಲ್ಲ, ಅದೂ ಮಂಜುಗಡ್ಡೆಯ ಒತ್ತಡ ಗೋಡೆಗೆ ಬೀಳದಿರಲಿ ಅಂತಲೇ. ಮಡಿಕೇರಿಯಲ್ಲಿ ಎಷ್ಟೇ ಚಳಿ ಅಂದರೂ ಪೂಲ್ ಗಡ್ಡೆ ಕಟ್ಟುತ್ತದಾ? ನಮಗೆ ಬರುವುದು ಮಳೆ.

ಲೆಕ್ಕ ನೋಡಿ. ತೋಟದವರಿಗೆ ಮಳೆಯ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಹೇಳಿಕೊಡಬೇಕಿಲ್ಲ, ಎಷ್ಟೋ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುವ ರೂಢಿ ಇದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 15 ಅಡಿ ಪೂಲಿನ ಬಾಯಿ ಸುಮಾರು 16 ಚದರ ಮೀಟರ್. ಹಾಗಾಗಿ ಒಂದು ಇಂಚು ಮಳೆಗೆ ಕವರ್ ಮೇಲೆ 400 ಲೀಟರ್, ಅಂದರೆ 400 ಕೆಜಿ ಭಾರ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ದಿನಕ್ಕೆ ಐದು ಇಂಚು ಸುರಿಯುವುದು ನಮಗೇನು ಹೊಸದೇ? ಒಂದೇ ದಿನಕ್ಕೆ 2 ಟನ್ ಆಯಿತು. ಮಳೆ ಬಿಡದೆ ಹಿಡಿದುಕೊಂಡರೆ ಉಳಿದದ್ದನ್ನು ನೀವೇ ಗುಣಿಸಿಕೊಳ್ಳಿ.

ಪೂಲ್ ತುಂಬಿದ್ದರೆ ಕವರ್ ನೀರಿನ ಮೇಲೆಯೇ ಮಲಗಿರುತ್ತದೆ, ಭಾರವನ್ನು ಕೆಳಗಿನ ನೀರೇ ಹೊರುತ್ತದೆ. ಅರ್ಧ ಖಾಲಿ ಇದ್ದರೆ ಕವರ್ ನೇತಾಡುತ್ತದೆ. ಆಗ ಅಷ್ಟೂ ಭಾರ ಹಗ್ಗದ ಮೂಲಕ ಕಾಲಿಗೆ, ಮೇಲಿನ ಪೈಪಿಗೆ ಬೀಳುತ್ತದೆ. ಈ ಫ್ರೇಮ್‌ಗಳನ್ನು ಮಾಡಿರುವುದು ನೀರು ಒಳಗಿನಿಂದ ಹೊರಕ್ಕೆ ತಳ್ಳುವುದನ್ನು ತಡೆಯಲಿಕ್ಕೆ. ಹೊರಗಿನಿಂದ ಒಳಕ್ಕೆ ಎಳೆದರೆ ಅವು ತಡೆಯುವುದಿಲ್ಲ. ಸಾಲದ್ದಕ್ಕೆ ನಮಗೆ ಕೊಟ್ಟ ಕವರ್ ಪೂಲಿಗಿಂತ ಅಂಗೈ ಅಗಲ ಮಾತ್ರ ದೊಡ್ಡದು. ಜಾಲರಿಯಲ್ಲದ ಇಂಥ ಗಟ್ಟಿ ಕವರ್ ಆದರೆ ಸಡಿಲವಾಗಿ ನೀರಿನ ಮೇಲೆ ಕೂತು ಗೋಡೆಯ ಹೊರಗೂ ಇಳಿಬೀಳಬೇಕು, 15 ಅಡಿ ಪೂಲಿಗೆ 18 ಅಡಿಯದ್ದಾದರೂ ಬೇಕು.

ಕವರ್‌ನಲ್ಲಿ ನೀರು ಇಳಿಯಲು ಸಣ್ಣ ತೂತುಗಳೇನೋ ಇದ್ದವು. ಜೂನ್ ತಿಂಗಳು ಹೇಗೋ ಕಳೆಯಿತು. ಆಮೇಲೆ ಗಾಳಿ ಶುರುವಾಯಿತು ನೋಡಿ, ಸಿಲ್ವರ್ ಓಕ್ ಎಲೆ ಬಂದು ಬಿತ್ತು. ಆ ಎಲೆ ಬೇಗ ಕೊಳೆಯುವುದೂ ಇಲ್ಲ, ಒಂದರ ಮೇಲೊಂದು ಒತ್ತಿಕೊಂಡು ತೂತುಗಳನ್ನೆಲ್ಲ ಮುಚ್ಚಿಬಿಟ್ಟಿತು. ಮಳೆ ಸ್ವಲ್ಪ ಹೊಳವಾದ ದಿನಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅವಕ್ಕೆ ಒಂದು ವಾರ, ಹತ್ತು ದಿನ ಸಾಕು. ಡೆಂಗ್ಯೂ ಸೊಳ್ಳೆಗೆ ಬೇಕಾದದ್ದೂ ಇಂಥದೇ ನಿಂತ ನೀರು. ಹೋಂಸ್ಟೇ ನಡೆಸುವವರು ಇದನ್ನು ಸುಮ್ನೆ ಬಿಡುವ ಹಾಗಿಲ್ಲ.

ಅದೇ ಸಮಯಕ್ಕೆ ನಮ್ಮ ನಾಯಿ ಮೇಲಿನ ಕಟ್ಟೆಯಿಂದ ಕವರ್ ಮೇಲೆ ಹಾರಿತು. ಕವರ್ ತಗ್ಗಿತು, ಸುತ್ತಲಿನ ನೀರೆಲ್ಲ ಅದರ ಮೇಲೆಯೇ ಬಂತು, ಜಾರುವ ಪ್ಲಾಸ್ಟಿಕ್ ಹತ್ತಲಾಗದೆ ಒದ್ದಾಡುತ್ತಿತ್ತು. ಕೆಲಸದವರು ನೋಡಿ ಎಳೆದು ಹಾಕಿದರು. ಅದು ಮಗುವಾಗಿದ್ದರೆ? ಮಾರುವವರು ಕವರ್ ಇದ್ದರೆ ಮಕ್ಕಳಿಗೆ ಸೇಫ್ ಅಂತ ಬಾಯಿಮಾತಿಗೆ ಹೇಳಿಬಿಡುತ್ತಾರೆ. ಮನುಷ್ಯರ ಭಾರ ತಡೆಯುವ ಸೇಫ್ಟಿ ಕವರ್ ಬೇರೆಯೇ ಇದೆ, ಅಮೆರಿಕದಲ್ಲಿ ಅದಕ್ಕೆ ಎಎಸ್‌ಟಿಎಂ ಎಫ್1346 ಅನ್ನುವ ಮಾನದಂಡವೂ ಇದೆ. ಅಂಥವನ್ನು ಸಾಮಾನ್ಯವಾಗಿ ಪೂಲಿನ ಸುತ್ತಲಿನ ಕಾಂಕ್ರೀಟಿಗೆ ಆಂಕರ್ ಹೊಡೆದು ಬಿಗಿಯುತ್ತಾರೆ. ಪೈಪ್ ಫ್ರೇಮಿಗೆ ಎಲ್ಲಿ ಹೊಡೆಯುತ್ತೀರಿ? ನಮ್ಮಂಥ ಪೂಲಿಗೆ ಏಣಿ ತೆಗೆದಿಡುವುದು, ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಹಾಕುವುದು, ಇದೇ ಸೇಫ್ಟಿ.

ಜುಲೈನಲ್ಲಿ ಒಂದು ರಾತ್ರಿ, ಕರೆಂಟ್ ಇಲ್ಲ, ಮರ ಮುರಿದ ಹಾಗೆ ಸದ್ದಾಯಿತು. ಟಾರ್ಚ್ ಹಿಡಿದು ಹೋಗಿ ನೋಡಿದರೆ ಒಂದು ಬದಿಯ ಕಾಲುಗಳು ಒಳಕ್ಕೆ ಮಡಚಿಕೊಂಡಿವೆ, ಮೇಲಿನ ಪೈಪಿನ ಜಾಯಿಂಟ್ ತುಂಡಾಗಿದೆ, ಅದು ಚುಚ್ಚಿ ಗೋಡೆ ಹರಿದಿದೆ. ಒಳಗಿದ್ದ ನೀರು, ಕವರ್ ಮೇಲಿದ್ದ ನೀರು ಎಲ್ಲ ಒಟ್ಟಿಗೆ ಇಳಿಜಾರಿಗೆ ನುಗ್ಗಿತ್ತು. ಮೆಟ್ಟಿಲಿನ ಮಣ್ಣು ಕೊಚ್ಚಿ ಹೋಯಿತು, ಕೆಳಗಿನ ಸಾಲಿನ ಕಾಫಿ ಗಿಡಗಳ ಬೇರು ಕಾಣುತ್ತಿತ್ತು, ಸೌದೆ ಕೊಟ್ಟಿಗೆಯ ಒಂದು ಗೋಡೆಯೂ ಹೋಯಿತು. ಕೆಲಸದವರಿರುವ ಲೈನ್ ಮನೆ ಇನ್ನೊಂದು ಬದಿಗೆ ಇದ್ದದ್ದು ಪುಣ್ಯ. ನೆನೆದ ಇಳಿಜಾರಿಗೆ ಒಮ್ಮೆಲೇ ನೀರು ನುಗ್ಗಿದರೆ ಏನಾಗಬಹುದು ಅಂತ 2018ರ ಆಗಸ್ಟ್‌ನ ಭೂಕುಸಿತ ನೋಡಿದ ನಮಗೆ ಯಾರೂ ಹೇಳಬೇಕಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ಮಳೆಯಿಂದ ಆದದ್ದಕ್ಕೆ ವಾರಂಟಿ ಬರಲ್ಲ ಸಾರ್" ಅಂದರು. ಮಳೆಗೇ ಅಂತ ಮಾರಿದ ಕವರ್!

ಹಾಗಾದರೆ ಏನು ಮಾಡಬೇಕು ಅಂದರೆ, ಪೈಪ್ ಫ್ರೇಮಿನ ಪೂಲ್ ಇದ್ದವರು ಮೇ ಮುಗಿಯುವ ಮೊದಲು ಬಿಚ್ಚಿಬಿಡಿ. ಬಿಸಿಲು ಇರುವಾಗಲೇ ನೀರು ಖಾಲಿ ಮಾಡಿ ಒಣಗಿಸಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಮಡಚಿ ಇಲಿ ಹೋಗದ ಕಡೆ ಇಡಿ. ಬಿಚ್ಚಲಾಗದ ಸ್ಟೀಲ್ ಗೋಡೆಯ ಪೂಲ್ ಆದರೆ ನೀರು ತುಂಬಿಯೇ ಇಡಿ, ಗಟ್ಟಿ ಕವರ್ ಬದಲು ಜಾಲರಿ ಕವರ್ ಹಾಕಿ. ಮಳೆ ನೀರು ಒಳಗಿಳಿಯುತ್ತದೆ, ಎಲೆ ಮೇಲೆ ನಿಲ್ಲುತ್ತದೆ. ಸಣ್ಣ ಮಣ್ಣು, ಬೆಳಕು ಒಳಗೆ ಹೋಗಿ ಪಾಚಿ ಕಟ್ಟುತ್ತದೆ, ಅದು ಸೆಪ್ಟೆಂಬರ್‌ನಲ್ಲಿ ತೊಳೆಯುವ ಕೆಲಸ ಅಷ್ಟೇ. ತುಂಬಿ ಹೊರಚೆಲ್ಲುವ ನೀರು ಗೋಡೆಯ ಬುಡ ಕೊರೆಯದ ಹಾಗೆ ಒಂದು ಚರಂಡಿ ಮಾತ್ರ ಬೇಕೇ ಬೇಕು. ಕವರ್ ಹಾರದಿರಲಿ ಅಂತ ಅಂಚಿಗೆ ಇಟ್ಟಿಗೆ, ಕಲ್ಲು ಇಡಬೇಡಿ. ಒಳಗೆ ಬಿದ್ದರೆ ಲೈನರ್, ಅಂದರೆ ನೀರು ಹಿಡಿಯುವ ಒಳಗಿನ ಹಾಳೆ, ಹರಿಯುತ್ತದೆ.

ಡಿಸೆಂಬರ್, ಜನವರಿಗೆ ನೀರು ಬೆಚ್ಚಗಿರಲಿ ಅಂತ ಮಾರುವ ಗುಳ್ಳೆ ಗುಳ್ಳೆಯ ಸೋಲಾರ್ ಕವರ್ ಮಾತ್ರ ಒಳ್ಳೆಯದೇ. ಗುಳ್ಳೆ ಇರುವ ಬದಿ ನೀರಿನ ಕಡೆಗೆ ಇರಬೇಕು. ಕ್ಲೋರಿನ್ ಜಾಸ್ತಿ ಹಾಕಿದ ದಿನ ಅದನ್ನು ಮುಚ್ಚಬೇಡಿ, ಗುಳ್ಳೆಗಳು ಬೇಗ ಹಾಳಾಗುತ್ತವೆ. ಯಾರಾದರೂ ನೀರಿಗೆ ಇಳಿಯುವಾಗ ಅರ್ಧ ಸರಿಸಿದರೆ ಸಾಲದು, ಪೂರ್ತಿ ತೆಗೆಯಿರಿ. ಕವರ್ ಕೆಳಗೆ ಸಿಕ್ಕಿಕೊಂಡ ಮಗು ಮೇಲಿನಿಂದ ಕಾಣುವುದಿಲ್ಲ.

ಈಗಾಗಲೇ ಕವರ್ ಮೇಲೆ ನೀರು ನಿಂತಿದ್ದರೆ ಹಗ್ಗ ಬಿಚ್ಚಲು, ಕವರ್ ಎಳೆಯಲು ಹೋಗಬೇಡಿ. ಕಾಲು ಬಾಗಿದ್ದು ಕಂಡರೆ ಹತ್ತಿರವೂ ಹೋಗಬೇಡಿ, ಇಳಿಜಾರಿನ ಕಡೆ ನಿಲ್ಲಬೇಡಿ. ಎಲ್ಲ ಗಟ್ಟಿಯಾಗಿದ್ದರೆ ಮೊದಲು ಮೇಲಿನ ನೀರು ತೆಗೆಯಿರಿ. ಮಳೆಗಾಲದಲ್ಲಿ ಕರೆಂಟ್ ನಂಬಿ ಪಂಪ್ ಇಟ್ಟುಕೊಂಡರೆ ಪ್ರಯೋಜನವಿಲ್ಲ. ತೋಟದ ಹೋಸ್ ಪೈಪಿಗೆ ಪೂರ್ತಿ ನೀರು ತುಂಬಿ ಎರಡೂ ತುದಿ ಬೆರಳಲ್ಲಿ ಮುಚ್ಚಿ, ಒಂದು ತುದಿ ಕವರ್ ಮೇಲಿನ ನೀರಿನಲ್ಲಿ, ಇನ್ನೊಂದು ಅದಕ್ಕಿಂತ ಕೆಳಗೆ ಚರಂಡಿಯಲ್ಲಿ ಬಿಟ್ಟರೆ ತಾನಾಗಿಯೇ ಹರಿಯುತ್ತದೆ. ಒಳಗಿನ ತುದಿಗೆ ಜಾಲರಿ ಕಟ್ಟಿ, ಇಲ್ಲದಿದ್ದರೆ ಎಲೆ ಸಿಕ್ಕಿಕೊಳ್ಳುತ್ತದೆ. ಗಂಟೆಗೊಮ್ಮೆ ಪೂಲ್ ಒಳಗಿನ ಮಟ್ಟವನ್ನೂ ನೋಡಿ. ಕವರ್ ಹರಿದಿದ್ದರೆ ಮೇಲಿನ ನೀರಿನ ಜೊತೆ ಪೂಲಿನ ನೀರೂ ಖಾಲಿಯಾಗುತ್ತದೆ, ಹಾಗೆ ಇಳಿಯುತ್ತಿದ್ದರೆ ಪೈಪ್ ತೆಗೆದುಬಿಡಿ.