ಒಂದೇ ಹಾಳೆಯೋ, ಐದು ಟೇಬಲ್‌ಗಳೋ: ಮನೆಯ ವಿಳಾಸ ಪುಸ್ತಕಕ್ಕೆ ಮೂರು ವಿನ್ಯಾಸ

ಅಮ್ಮನ ವಿಳಾಸದ ಡೈರಿಯ ರಟ್ಟು ಕಿತ್ತುಹೋಗಿ ಎಷ್ಟೋ ವರ್ಷಗಳಾಗಿವೆ. ಹಾಳೆಗಳನ್ನು ದಾರದಿಂದ ಕಟ್ಟಿಟ್ಟಿದ್ದಾಳೆ. ಪುಟ ಪುಟದಲ್ಲೂ ಹೊಡೆದುಹಾಕಿದ ವಿಳಾಸ, ಅದರ ಕೆಳಗೆ ಹೊಸದು, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಫೋನ್ ನಂಬರು. ತಂಗಿಯ ಮದುವೆ ಗೊತ್ತಾದಾಗ ಲಗ್ನಪತ್ರಿಕೆ ಹಂಚುವ ಪಟ್ಟಿ ನನ್ನ ಪಾಲಿಗೆ ಬಂತು. ಡೈರಿಯನ್ನು ಕಂಪ್ಯೂಟರಿಗೆ ಏರಿಸಿದ್ದು ಆಗಲೇ. ಅಲ್ಲಿಂದೀಚೆಗೆ ಅದೇ ಮಾಹಿತಿಯನ್ನು ಮೂರು ಬಗೆಯಲ್ಲಿ ಇಟ್ಟು ನೋಡಿದ್ದೇನೆ: ಎಕ್ಸೆಲ್‌ನ ಒಂದೇ ಹಾಳೆ, ಮೊಬೈಲ್‌ಗಳು ಬಳಸುವ ವಿ-ಕಾರ್ಡ್, ಮಾಹಿತಿಯನ್ನು ಟೇಬಲ್‌ಗಳಾಗಿ (ಸಾಲು, ಕಾಲಂಗಳ ಪಟ್ಟಿಗಳಾಗಿ) ಇಡುವ ಎಸ್‌ಕ್ಯೂಲೈಟ್ ಡೇಟಾಬೇಸ್. ಒಟ್ಟು ಸುಮಾರು 400 ಜನ, 170 ಮನೆಗಳು.

ಎಕ್ಸೆಲ್ ಹಾಳೆಯನ್ನು ಒಂದು ವಾರಾಂತ್ಯದಲ್ಲಿ ಮುಗಿಸಿದೆ. ಒಬ್ಬರಿಗೆ ಒಂದು ಸಾಲು. ಹೆಸರು, ಮನೆಯ ಹಿರಿಯರ ಹೆಸರು, ವಿಳಾಸ, ಊರು, ಪಿನ್ ಕೋಡ್, ಮೊಬೈಲ್ 1, ಮೊಬೈಲ್ 2, ಲ್ಯಾಂಡ್‌ಲೈನ್. ಯಾರು ಬೇಕಾದರೂ ತೆರೆದು ತಿದ್ದಬಹುದು, ಅಮ್ಮನೂ ಕೂಡ. ಇಷ್ಟು ಸಲೀಸಾದದ್ದು ಬೇರೊಂದಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಫೋನ್ ನಂಬರನ್ನು ಎಕ್ಸೆಲ್ ಸಂಖ್ಯೆ ಎಂದೇ ಭಾವಿಸುತ್ತದೆ. ಬೆಂಗಳೂರಿನ 080ರ ಮುಂದಿನ ಸೊನ್ನೆ ಹಾರಿಹೋಯಿತು. 91 ಸೇರಿಸಿ ಬರೆದ 12 ಅಂಕಿಯ ಮೊಬೈಲ್ ನಂಬರು ಹತ್ತರ ಘಾತವಾಗಿ ಕಾಣಿಸಿಕೊಂಡಿತು. ಕಾಲಂ ಅನ್ನು ಮೊದಲೇ 'ಪಠ್ಯ' ಎಂದು ಗೊತ್ತುಮಾಡಿದರೆ ಇದು ತಪ್ಪುತ್ತದೆ. ನಾನು ನಂಬರುಗಳನ್ನೆಲ್ಲ ತುಂಬಿದ ಮೇಲೆ ಗೊತ್ತುಮಾಡಿದೆ. ಹೋದ ಸೊನ್ನೆ ಮರಳಲಿಲ್ಲ.

ಅದನ್ನಾದರೂ ಕೂತು ತಿದ್ದಬಹುದಿತ್ತು. ನಾನು ಹಾಳೆಯನ್ನು ಬಿಟ್ಟ ಕಾರಣ ಬೇರೆ. ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ಮದುವೆಗೆ ಎರಡು ವರ್ಷ ಮುಂಚೆ ತೀರಿಕೊಂಡಿದ್ದರು. ನೆನಪಿಟ್ಟುಕೊಂಡು ಅವರ ಸಾಲನ್ನು ಅಳಿಸಿದ್ದೆ. ಆದರೆ ಅವರ ಮಗನ ಸಾಲಿನಲ್ಲಿ 'ಮನೆಯ ಹಿರಿಯರು' ಎಂಬ ಕಾಲಂನಲ್ಲಿ ಅವರ ಹೆಸರು ಹಾಗೇ ಉಳಿದಿತ್ತು, ಲಕೋಟೆಯ ಮೇಲಿನ ಚೀಟಿಗಳು ಮುದ್ರಣವಾದದ್ದು ಅದೇ ಕಾಲಂನಿಂದ. ಪತ್ರಿಕೆ ತಲುಪಿದ ದಿನ ಅವರ ಹೆಂಡತಿ ಅಮ್ಮನಿಗೆ ಫೋನ್ ಮಾಡಿದರು. ಬೇಸರವನ್ನೇನೂ ತೋರಿಸಲಿಲ್ಲ. "ಅವರ ಹೆಸರಿಗೆ ಟಪಾಲು ಬಂದು ತುಂಬಾ ದಿನವಾಗಿತ್ತು" ಎಂದಷ್ಟೇ ಹೇಳಿದರಂತೆ. ಅಮ್ಮ ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟರೆ ಎಂದೋ ಒಂದು ದಿನ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಡುತ್ತೇವೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ, ಮಾಹಿತಿಯನ್ನು ಒಂದಕ್ಕೊಂದು ಹೊಂದುವ ಟೇಬಲ್‌ಗಳಲ್ಲಿಡುವ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟ ಮೇಲೆ ಡೇಟಾಬೇಸ್ ಕಲಿಸುವವರೆಲ್ಲ ಹೇಳುತ್ತ ಬಂದ ಮಾತು ಇದು. ನಾನೂ ಪರೀಕ್ಷೆಯಲ್ಲಿ ಬರೆದಿದ್ದೆ.

ವಿ-ಕಾರ್ಡ್ ವಿಷಯ ಬೇಗ ಮುಗಿಯುತ್ತದೆ. ಮೊಬೈಲಿನ ಸಂಪರ್ಕ ಪಟ್ಟಿಯನ್ನು ಹೊರತೆಗೆದರೆ ಸಿಗುವುದು ಇದೇ. ಒಬ್ಬರಿಗೆ ಒಂದು ಕಾರ್ಡ್, ಎಷ್ಟು ನಂಬರು ಬೇಕಾದರೂ ಸೇರಿಸಬಹುದು, ಯಾವ ಫೋನಿಗೆ ಹಾಕಿದರೂ ತೆರೆಯುತ್ತದೆ. 2011ರ 4.0 ಆವೃತ್ತಿಯಲ್ಲಿ ಇಸವಿ ಗೊತ್ತಿಲ್ಲದ ಹುಟ್ಟಿದ ದಿನವನ್ನೂ ಬರೆಯಬಹುದು. ಹಿರಿಯರ ವಿಷಯದಲ್ಲಿ ತಿಂಗಳು, ದಿನ ತಿಳಿದು ಇಸವಿ ತಿಳಿಯದಿರುವುದು ಎಷ್ಟು ಸಾಮಾನ್ಯ! ಆದರೆ ಹಳೆಯ ಫೋನೊಂದರಿಂದ ಬಂದ ಕಡತ 2.1 ಆವೃತ್ತಿಯದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್. ಆ ಕಡತ ಪ್ರತಿ ಬೈಟನ್ನೂ ಸಮ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬರೆಯುತ್ತದೆ. 'ಕಮಲ' ಎಂಬ ಮೂರಕ್ಷರ 27 ಅಕ್ಷರಗಳ ಸಾಲಾಗಿ ನಿಂತಿತ್ತು. ಅದನ್ನು ಬಿಡಿಸುವ ಪ್ರೋಗ್ರಾಂ ಇದೆ, ಕಣ್ಣಿನಿಂದ ಓದಿ ತಿದ್ದುವುದು ಮಾತ್ರ ಆಗದ ಮಾತು. ಹೆಸರಿಗೆ ಐದು ಭಾಗ, ಅದರಲ್ಲಿ ಮೊದಲನೆಯದು ಕುಲನಾಮ. ನಮ್ಮ ಕಡೆಯ ಮುಕ್ಕಾಲು ಪಾಲು ಜನಕ್ಕೆ ಕುಲನಾಮವೇ ಇಲ್ಲ. ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ವಿ-ಕಾರ್ಡ್‌ಗೆ ವ್ಯಕ್ತಿ ಗೊತ್ತು, ಮನೆ ಗೊತ್ತಿಲ್ಲ. ಒಂದೇ ಮನೆಯ ಐವರಿಗೆ ಅದೇ ವಿಳಾಸ ಐದು ಸಲ. ಮತ್ತೆ ಅದೇ ಹಳ್ಳ.

ಹೀಗಾಗಿ ಎಸ್‌ಕ್ಯೂಲೈಟ್‌ಗೆ ಬಂದೆ. ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಕಡತ, ಪೆನ್‌ಡ್ರೈವ್‌ಗೆ ನಕಲು ಮಾಡಿದರೆ ಬ್ಯಾಕಪ್ ಆಯಿತು. ಟೇಬಲ್‌ಗಳಿಗೆ, ಕಾಲಂಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟೆ, ತಕರಾರಿಲ್ಲದೆ ಒಪ್ಪಿಕೊಂಡಿತು. ಪರದೆಯ ಮೇಲೆ 'ಮನೆ', 'ವ್ಯಕ್ತಿ' ಎಂಬ ಟೇಬಲ್‌ಗಳನ್ನು ಕಂಡು ಆದ ಸಂತೋಷ ಇನ್ನೂ ಇದೆ.

ಮೊದಲ ಸುತ್ತಿನಲ್ಲಿ ಅತಿ ಮಾಡಿದೆ. ಬಾಗಿಲ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ, ತಾಲ್ಲೂಕು, ಜಿಲ್ಲೆ ಎಲ್ಲಕ್ಕೂ ಪ್ರತ್ಯೇಕ ಜಾಗ. ಡೈರಿಯ ಮೂರನೇ ಪುಟಕ್ಕೇ ಕಟ್ಟಡ ಬಿರುಕು ಬಿಟ್ಟಿತು: "ಗಣಪತಿ ದೇವಸ್ಥಾನದ ಹಿಂದೆ, ಹೆಂಚಿನ ಮನೆ, ಅಂಚೆ ಪೇಟೆಬೈಲು". ಇದರಲ್ಲಿ ಅಡ್ಡರಸ್ತೆ ಯಾವುದು? ಅಂಚೆಯವರಿಗೆ ಈ ವಿಳಾಸ ಸಾಕು, ನನ್ನ ಟೇಬಲ್‌ಗೆ ಸಾಲಲಿಲ್ಲ. ಎಲ್ಲ ಕೆಡವಿ, ಲಕೋಟೆಯ ಮೇಲೆ ಹೇಗೆ ಬರೆಯುತ್ತೇವೋ ಹಾಗೆ ವಿಳಾಸವನ್ನು ಒಂದೇ ಕಾಲಂನಲ್ಲಿಟ್ಟೆ. ಊರು ಮತ್ತು ಪಿನ್ ಮಾತ್ರ ಬೇರೆ. ಊರಿಗೆ ಪ್ರತ್ಯೇಕ ಟೇಬಲ್ ಇರುವುದು ಸಾರ್ಥಕ; ಹಾಳೆಯಲ್ಲಿ ಕೆಲವೆಡೆ ಗುಲ್ಬರ್ಗ, ಕೆಲವೆಡೆ ಕಲಬುರಗಿ, ಒಂದು ಕಡೆ ಬಿಜಾಪುರ, ಇನ್ನೊಂದು ಕಡೆ ವಿಜಯಪುರ ಇತ್ತು. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾದ ಗುರುತು ಅದು. ಈಗ ಒಂದು ಸಾಲು ತಿದ್ದಿದರೆ ಆ ಊರಿನ ಎಲ್ಲ ಮನೆಗೂ ಅನ್ವಯಿಸುತ್ತದೆ. ಪಿನ್ ಮಾತ್ರ ಮನೆಯ ಜೊತೆಗಿರಬೇಕು. ಬೆಂಗಳೂರು ಒಂದೇ ಆದರೂ ಬಸವನಗುಡಿಯ 560004 ಮಲ್ಲೇಶ್ವರಕ್ಕೆ ಹೊಂದುವುದಿಲ್ಲ.

ಕೊನೆಗೆ ಉಳಿದವು ಐದು: ಊರು, ಮನೆ, ವ್ಯಕ್ತಿ, ವಾಸ, ಸಂಪರ್ಕ. ಇದರಲ್ಲಿ 'ವಾಸ' ನನ್ನ ಅಚ್ಚುಮೆಚ್ಚಿನದು. ಯಾವ ವ್ಯಕ್ತಿ, ಯಾವ ಮನೆ, ಎಂದಿನಿಂದ, ಎಂದಿನವರೆಗೆ, ಇಷ್ಟೇ. ಮದುವೆಯಾಗಿ ಹೋದ ಮಗಳಿಗೆ ಎರಡು ಸಾಲು, ಹಾಸ್ಟೆಲಿನಲ್ಲಿರುವ ಹುಡುಗನಿಗೂ ಎರಡು. ಮನೆ ಬದಲಿಸಿದವರ ಹಳೆಯ ವಿಳಾಸ ಅಳಿಯುವುದಿಲ್ಲ, ಅದಕ್ಕೊಂದು ಕೊನೆಯ ತಾರೀಖು ಬೀಳುತ್ತದೆ. ತೀರಿಕೊಂಡವರನ್ನೂ ಈಗ ಅಳಿಸುವುದಿಲ್ಲ. ವ್ಯಕ್ತಿಯ ಸಾಲಿನಲ್ಲಿ ಒಂದು ದಿನಾಂಕ ಬರೆಯುತ್ತೇನೆ. ಲಕೋಟೆಗೆ ಹೆಸರುಗಳನ್ನು ಹೆಕ್ಕಿಕೊಡುವ ಕ್ವೆರಿ ಆ ದಿನಾಂಕ ಇರುವವರನ್ನು ಬಿಟ್ಟು ಮುಂದಿನ ಹಿರಿಯರ ಹೆಸರು ತೆಗೆದುಕೊಳ್ಳುತ್ತದೆ.

'ಸಂಪರ್ಕ'ದಲ್ಲಿ ಇನ್ನೊಂದು ಪಾಠ ಕಾದಿತ್ತು. ಮೊಬೈಲ್ ವ್ಯಕ್ತಿಯದು, ಲ್ಯಾಂಡ್‌ಲೈನ್ ಮನೆಯದು. ಹಾಳೆಯಲ್ಲಿ ಎರಡನ್ನೂ ವ್ಯಕ್ತಿಗೇ ಅಂಟಿಸಿದ್ದರಿಂದ ಮಗ ಮನೆ ಬದಲಿಸಿದಾಗ ಅಪ್ಪನ ಮನೆಯ ಫೋನೂ ಅವನ ಜೊತೆಗೆ ಹೊರಟುಬಿಡುತ್ತಿತ್ತು. ಈಗ ಪ್ರತಿ ನಂಬರೂ ವ್ಯಕ್ತಿಗೆ ಅಥವಾ ಮನೆಗೆ, ಎರಡರಲ್ಲಿ ಒಂದಕ್ಕೆ ಮಾತ್ರ ಸೇರಿರಬೇಕು ಎಂಬ ನಿಬಂಧನೆಯನ್ನು ಟೇಬಲ್‌ನಲ್ಲೇ ಹಾಕಿದ್ದೇನೆ. ನಂಬರಿನ ಕಾಲಂ ಪಠ್ಯ, ಅಪ್ಪಿತಪ್ಪಿಯೂ ಸಂಖ್ಯೆಯಲ್ಲ.

ಎಸ್‌ಕ್ಯೂಲೈಟ್‌ನಲ್ಲಿ ಎರಡು ಕಡೆ ಎಚ್ಚರ ಬೇಕು. ಟೇಬಲ್‌ಗಳ ನಡುವಿನ ಕೊಂಡಿಯನ್ನು ಬರೆದಿಟ್ಟ ಮಾತ್ರಕ್ಕೆ ಅದು ಕಾಯುವುದಿಲ್ಲ. ಈ ಕೊಂಡಿಯ (ಫಾರಿನ್ ಕೀ) ಪರಿಶೀಲನೆ ಮೂಲತಃ ಬಂದ್ ಆಗಿರುತ್ತದೆ, ಪ್ರತಿ ಸಲ ಡೇಟಾಬೇಸ್ ತೆರೆದಾಗಲೂ ಆನ್ ಮಾಡಬೇಕು. ಇದನ್ನು ತಿಳಿಯುವ ಮುಂಚೆ ಒಂದು ಮನೆಯನ್ನು ಅಳಿಸಿದ್ದೆ, ಅಲ್ಲಿನ ನಾಲ್ವರ ವಾಸ ಇಲ್ಲದ ಮನೆಯತ್ತ ಬೊಟ್ಟು ಮಾಡುತ್ತ ಉಳಿದಿತ್ತು. ಎರಡನೆಯದು ಕನ್ನಡದ್ದೇ. 'ರಾಜ್‌ಕುಮಾರ್' ಎಂದು ಹುಡುಕಿದರೆ ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. ಜ್ ಅನ್ನು ಬಿಡಿಯಾಗಿ ನಿಲ್ಲಿಸಲು ಟೈಪ್ ಮಾಡುವ ಕಣ್ಣಿಗೆ ಕಾಣದ ಸಂಕೇತ ಕೆಲವು ಸಾಲುಗಳಲ್ಲಿತ್ತು, ಕೆಲವುಗಳಲ್ಲಿ ಇರಲಿಲ್ಲ. 'ಗೋಪಾಲ'ದ ಗೋ ಕೂಡ ಒಂದು ಕಡೆ ಒಂದೇ ಸ್ವರಚಿಹ್ನೆಯಾಗಿ, ಇನ್ನೊಂದು ಕಡೆ ತುಂಡು ತುಂಡು ಚಿಹ್ನೆಗಳು ಕೂಡಿ ಆಗಿತ್ತು. ನೋಟ ಒಂದೇ, ಒಳಗೆ ಬೇರೆ. ಹುಡುಕಾಟಕ್ಕೆಂದೇ ಈ ಸಂಕೇತಗಳನ್ನು ತೆಗೆದು ಸಮಗೊಳಿಸಿದ ಹೆಸರಿನ ಕಾಲಂ ಒಂದನ್ನು ಸೇರಿಸಿದ ಮೇಲೆ ತೊಂದರೆ ನಿಂತಿತು. ಕನ್ನಡದಲ್ಲಿ ವಿಳಾಸ ಪುಸ್ತಕ ಮಾಡುವವರು ಈ ಕಾಲಂ ಅನ್ನು ಮೊದಲ ದಿನವೇ ಇಟ್ಟುಕೊಳ್ಳಲಿ.

ಐವತ್ತು ಜನರ ಪಟ್ಟಿಗೆ ಇಷ್ಟೆಲ್ಲ ಬೇಡ, ಹಾಳೆಯೇ ಸಾಕು. ನಂಬರಿನ ಕಾಲಂ ಪಠ್ಯವಾಗಿರಲಿ, ಸಾಲು ವ್ಯಕ್ತಿಗಲ್ಲ, ಮನೆಗೆ ಒಂದಿರಲಿ. ನಂಟರಿಷ್ಟರ ಬಳಗ ದೊಡ್ಡದಿದ್ದು ಮದುವೆ, ಮುಂಜಿ, ಗೃಹಪ್ರವೇಶ ಬರುತ್ತಲೇ ಇದ್ದರೆ ಎಸ್‌ಕ್ಯೂಲೈಟ್‌ಗೆ ಕಷ್ಟಪಡಬೇಕು. ಮೊಬೈಲಿನಿಂದ ಸಲೀಸಾಗಿ ತಿದ್ದಲಾಗುವುದಿಲ್ಲ ಎಂಬುದು ಅದರ ನಿಜವಾದ ಕೊರತೆ. ನಾನು ತಿಂಗಳಿಗೊಮ್ಮೆ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಅದರಿಂದ 3.0 ಆವೃತ್ತಿಯ ವಿ-ಕಾರ್ಡ್ ತೆಗೆದು ಮನೆಯವರ ಫೋನುಗಳಿಗೆ ಹಾಕುತ್ತೇನೆ. ವಿ-ಕಾರ್ಡ್ ಒಯ್ಯುವ ಚೀಲವಾಗಿ ಒಳ್ಳೆಯದು, ಕಣಜವಾಗಿ ಅಲ್ಲ.

ಕಳೆದ ವರ್ಷ ಚಿಕ್ಕಪ್ಪನ ಮಗನ ಮದುವೆಗೆ, ಮನೆಗೇ ಹೋಗಿ ಅರಿಸಿನ ಕುಂಕುಮ ಕೊಟ್ಟು ಕರೆಯಬೇಕಾದ ಮನೆಗಳು ಯಾವುವು ಎಂದು ಪಿನ್ ಪ್ರಕಾರ ಜೋಡಿಸಿ ತೆಗೆದೆ. ಚಿಕ್ಕಮ್ಮ ಆ ಕಾಗದ ಹಿಡಿದು ಯಾವ ಬಡಾವಣೆಗೂ ಎರಡನೇ ಸಲ ಹೋಗಬೇಕಾಗಲಿಲ್ಲ. ಈಗ ಡೈರಿಯಲ್ಲಿ ಹೊಡೆದುಹಾಕಿದ ವಿಳಾಸಗಳನ್ನೂ 'ವಾಸ'ಕ್ಕೆ ಸೇರಿಸುತ್ತಿದ್ದೇನೆ. ಸಂಜೆ ಅಮ್ಮ ಪಕ್ಕದಲ್ಲಿ ಕೂತು ಮಸಿ ಬಳಿದ ಸಾಲುಗಳನ್ನು ಬೆಳಕಿಗೆ ಹಿಡಿದು ಓದುತ್ತಾಳೆ: "ಇದು ಅವರು ಬಾಡಿಗೆಗಿದ್ದ ಮನೆ, ನೀನು ಹುಟ್ಟುವ ಮುಂಚೆ. ಇಸವಿ ಬರೆದುಕೋ, 1981 ಇರಬೇಕು."