ಪ್ರೊ ಆಟನಾ, ಕಾಲೇಜಾ? 18 ಸಾವಿರದ ಕೌನ್ಸೆಲಿಂಗ್‌ಗೆ ಎರಡೂವರೆ ಸ್ಟಾರ್

ಜೆ.ಸಿ. ರಸ್ತೆಯಲ್ಲಿ ನನ್ನದು ಸ್ಪೇರ್ ಪಾರ್ಟ್ಸ್ ಅಂಗಡಿ. ಯಾರಾದರೂ ಬಂದು ಕ್ಲಚ್ ಪ್ಲೇಟ್ ಕೊಡಿ ಅಂದರೆ, ಯಾವ ಗಾಡಿ, ಯಾವ ವರ್ಷದ್ದು ಅಂತ ಮೊದಲು ಕೇಳುತ್ತೇನೆ. ಕೇಳದೆ ಡಬ್ಬ ಇಳಿಸುವುದಿಲ್ಲ. ಫುಟ್‌ಬಾಲ್ ಆಡುವ ಮಕ್ಕಳಿಗೆ ದಾರಿ ತೋರಿಸುತ್ತೇವೆ ಅನ್ನುವ ಒಂದು ಆಫೀಸಿಗೆ ಹೋಗಿದ್ದೆವು. ಅವರು ಕೇಳದೇ ಡಬ್ಬ ಇಳಿಸಿದರು. ಹೆಸರು ಹಾಕುವುದಿಲ್ಲ, ಸ್ವಲ್ಪ ದುಡ್ಡು ವಾಪಸ್ ಬರುವುದು ಬಾಕಿ ಇದೆ.

ಮಗಳು ಸೆಕೆಂಡ್ ಪಿಯುಸಿ, ಕಾಮರ್ಸ್. ಗೋಲ್‌ಕೀಪರ್. ಒಂದು ಕ್ಲಬ್‌ನವರು ಅವಳ ಆಟ ನೋಡಿ, ಮುಂದಿನ ಸೀಸನ್‌ಗೆ ಸಹಿ ಹಾಕುತ್ತೀರಾ ಅಂತ ಕೇಳಿದರು. ಅಲ್ಲಿಂದ ಮನೆಯಲ್ಲಿ ಎರಡು ಪಾರ್ಟಿ ಆಯಿತು. ನಮ್ಮನೆಯವಳದು ಡಿಗ್ರಿ ಪಾರ್ಟಿ. ನಾನು ಸುಮ್ನೆ ಮಧ್ಯೆ ಕೂತವನು. ಜಗಳ ಬಿಡಿಸಲು 18 ಸಾವಿರ ಕಟ್ಟಿದೆ: ಮೂರು ಸಿಟಿಂಗ್, ಒಂದು ದಿನ ಗ್ರೌಂಡಿನಲ್ಲಿ ಪರೀಕ್ಷೆ.

ಆಫೀಸು ಚೆನ್ನಾಗಿದೆ. ಎಸಿ, ಫಿಲ್ಟರ್ ಕಾಫಿ, ಗೋಡೆ ಮೇಲೆ ಸುನಿಲ್ ಛೇತ್ರಿ. 2002ರಲ್ಲಿ, ಇನ್ನೂ 17ರ ಹುಡುಗ ಮೋಹನ್ ಬಾಗಾನ್ ಸೇರಿದ್ದನ್ನು ಕೌನ್ಸೆಲರ್ ಎರಡು ಸಲ ಹೇಳಿದರು. ಪಕ್ಕದಲ್ಲಿ ಅಮೆರಿಕದ ಲಿಂಡ್ಸೆ ಹೋರಾನ್. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸೀಟು ಬಿಟ್ಟು 2012ರಲ್ಲಿ, 18ನೇ ವಯಸ್ಸಿಗೆ, ಪ್ಯಾರಿಸ್ ಕ್ಲಬ್ ಸೇರಿ, ಆಮೇಲೆ 2019ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 'ಓದು ಕಾಯುತ್ತದೆ ಸರ್, ಕಾಲು ಕಾಯಲ್ಲ' ಅಂದರು. ಮಾತು ಚೆನ್ನಾಗಿತ್ತು.

ನಂತರ ನನ್ನ ಅಂಗಡಿ ಎಲ್ಲಿ ಅಂತ ಕೇಳಿದರು. ಜೆ.ಸಿ. ರಸ್ತೆ ಅಂದೆ. ಐದು ನಿಮಿಷದಲ್ಲಿ ಕಾಲೂ ಕಾಯಲು ಶುರುವಾಯಿತು! ಈಗ ಅಮೆರಿಕದ ಕಾಲೇಜೇ ಸರಿ, ಅದಕ್ಕೊಂದು ಪ್ಯಾಕೇಜ್ ಇದೆ, ಎರಡೂವರೆ ಲಕ್ಷ, ಜಿಎಸ್‌ಟಿ ಬೇರೆ.

ಐದು ಕಾಲೇಜುಗಳ ಪಟ್ಟಿ ಕೊಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ 'ಸ್ಪೋರ್ಟ್ಸ್ ಸ್ಕಾಲರ್‌ಶಿಪ್'. ರಾತ್ರಿ ಮಗಳೇ ಫೋನಿನಲ್ಲಿ ಹುಡುಕಿ, 'ಅಪ್ಪಾ, ಇದರಲ್ಲಿ ಎರಡು ಡಿವಿಷನ್ 3' ಅಂದಳು. ಅಮೆರಿಕದಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎಯಲ್ಲಿ ಡಿವಿಷನ್ 3 ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಡಿವಿಷನ್ 1ರಲ್ಲೂ ಬಹಳ ವರ್ಷ ಒಂದು ಮಹಿಳಾ ತಂಡಕ್ಕೆ 14 ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು. ಅದನ್ನು ಕೋಚ್ ಇಪ್ಪತ್ತು ಚಿಲ್ಲರೆ ಹುಡುಗಿಯರಿಗೆ ಚೂರು ಚೂರಾಗಿ ಹಂಚಬಹುದಿತ್ತು. 'ಪೂರ್ತಿ ಫ್ರೀ' ಅನ್ನುವುದು ಅಷ್ಟು ಸುಲಭ ಇಲ್ಲ. ಇನ್ನೊಂದು, ಇಲ್ಲಿ ಮೊದಲು ಕ್ಲಬ್‌ಗೆ ದುಡ್ಡಿಗೆ ಸಹಿ ಹಾಕಿದರೆ, ಆಮೇಲೆ ಅಲ್ಲಿ ಕಾಲೇಜು ತಂಡಕ್ಕೆ ಆಡಲು ತೊಡಕಾಗಬಹುದು. ಕ್ಲಬ್, ಕಾಲೇಜು ಎರಡೂ ದಾರಿ ಮಾರುವವರು ಮೊದಲ ದಿನವೇ ಹೇಳಬೇಕಾದ ಮಾತು ಇದು ಅಲ್ವಾ?

ಈಗ ಎರಡೂವರೆ ಸ್ಟಾರ್ ಯಾಕೆ ಅಂತ ಹೇಳುತ್ತೇನೆ. ಅದು ಪೂರ್ತಿ ಗ್ರೌಂಡಿನ ಕೋಚ್‌ಗೆ. ವಯಸ್ಸಾದವರು, ಆಸ್ಟಿನ್ ಟೌನ್ ಕಡೆಯವರು, ಮಂಡಿಗೆ ಬ್ಯಾಂಡೇಜ್. ನಲವತ್ತು ನಿಮಿಷ ಮಗಳಿಗೆ ಬರೀ ಕ್ರಾಸ್ ಹಾಕಿಸಿದರು, ಅಂದರೆ ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಬರುವ ಚೆಂಡು. ಆಮೇಲೆ ನನ್ನನ್ನು ಕರೆದು ಕಲ್ಲು ಬೆಂಚಿನ ಮೇಲೆ ಕೂರಿಸಿದರು.

'ಸಾರ್, ಕೈ ಚೆನ್ನಾಗಿದೆ, ಮುಂದೆ ಬರೋಕೆ ಹೆದರುತ್ತಾಳೆ. ಕೀಪರ್ ಹಣ್ಣಾಗೋದು ಲೇಟು. ಅವಸರ ಯಾಕೆ?'

ಅವರೇ ಲೆಕ್ಕ ಬಿಡಿಸಿ ಹೇಳಿದರು. 2024-25ರ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಇದ್ದದ್ದು 8 ತಂಡ, ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಸೇರಿ. ಒಂದು ತಂಡಕ್ಕೆ 14 ಪಂದ್ಯ. ಜನವರಿಯಲ್ಲಿ ಶುರು, ಏಪ್ರಿಲ್‌ನಲ್ಲಿ ಮುಗಿಯಿತು. ಮಿಕ್ಕ ತಿಂಗಳು ಏನು ಮಾಡುತ್ತಾಳೆ? ಗಂಡಸರ ಕಡೆಯೂ ಭದ್ರ ಅಂತ ಏನಿಲ್ಲ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಅನ್ನೇ ತಡೆಹಿಡಿದು, ಕೆಲವು ಕ್ಲಬ್‌ಗಳಲ್ಲಿ ಸಂಬಳ ನಿಂತಿತ್ತು. 'ನಮ್ಮ ಕಾಲದಲ್ಲಿ ಎಚ್‌ಎಎಲ್, ಐಟಿಐ ಫ್ಯಾಕ್ಟರಿ ತಂಡಕ್ಕೆ ಆಡಿದರೆ ಆಟವೂ ಅಲ್ಲೇ, ಕೆಲಸವೂ ಅಲ್ಲೇ. ಈಗ ಆ ಬಾಗಿಲು ಸಣ್ಣದು' ಅಂದರು. ಅದು ನನಗೂ ಗೊತ್ತು. ಅಶೋಕನಗರದ ಸ್ಟೇಡಿಯಂನಲ್ಲಿ ಕಡಲೆಕಾಯಿ ತಿನ್ನುತ್ತಾ ಆ ಮ್ಯಾಚ್‌ಗಳನ್ನು ನೋಡಿಕೊಂಡೇ ಬೆಳೆದವನು ನಾನು.

ಕ್ಲಬ್ ಬೇಡ ಅಂತ ಅವರು ಹೇಳಲಿಲ್ಲ. ಸಹಿ ಹಾಕುವ ಮುಂಚೆ ಮೂರು ಮಾತು ಕಾಗದದಲ್ಲಿ ಬರೆಸಿಕೊಳ್ಳಿ ಅಂದರು. ಸಂಬಳ ಎಷ್ಟು ತಿಂಗಳಿಗೆ. ಗಾಯ ಆದರೆ ಆಪರೇಷನ್ ಖರ್ಚು ಯಾರದು. ಪರೀಕ್ಷೆ ದಿನ ಬಿಡುತ್ತಾರಾ. ಗಾಯದ ಮಾತು ಬಂದಾಗ ತಮ್ಮ ಮಂಡಿ ತಟ್ಟಿದರು. ಹುಡುಗಿಯರಿಗೆ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಜಾಸ್ತಿಯಂತೆ. ಹರಿದರೆ ಒಂದು ಸೀಸನ್ ಹೋದ ಹಾಗೆಯೇ.

ಪರೀಕ್ಷೆ ವಿಷಯ ನಮ್ಮ ಮನೆಯ ದೊಡ್ಡ ತಲೆನೋವು. ಲೀಗ್ ನಡುವೆಯೇ ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ ಬಂದರೆ? ಎಸಿ ರೂಮಿನ ಕೌನ್ಸೆಲರ್ 'ಒಂದು ವರ್ಷ ಡ್ರಾಪ್ ಮಾಡಿಸಿ' ಅಂದಿದ್ದರು. 2024ರಿಂದ ನಮ್ಮಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪಿಯುಸಿ ಪರೀಕ್ಷೆ ಇದೆ, ಮೊದಲನೆಯದು ತಪ್ಪಿದರೆ ಎರಡನೆಯದು ಬರೆಯಬಹುದು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಮಗಳ ಅಕೌಂಟೆನ್ಸಿ ಲೆಕ್ಚರರ್ ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿದರು, ಫೀಸಿಲ್ಲದೆ. ಅಟೆಂಡೆನ್ಸ್ ಮಾತ್ರ 75 ಇರಬೇಕು ಅಂತಲೂ ಗದರಿದರು.

ಇಲ್ಲಿಗೆ ಹೋಗುವವರು ಆಫೀಸಿನ ಸಿಟಿಂಗ್ ಬಿಟ್ಟು ಗ್ರೌಂಡಿನ ಪರೀಕ್ಷೆ ಒಂದನ್ನೇ ಕೇಳಿ. ಕೊಡಲ್ಲ ಅಂದರೆ ವಾಪಸ್ ಬನ್ನಿ. ಕಾರ್ ತಗೊಂಡು ಹೋಗಬೇಡಿ, ಪಾರ್ಕಿಂಗ್ ಇಲ್ಲ. ಉಳಿದ ಎರಡು ಸಿಟಿಂಗ್‌ನ ದುಡ್ಡು ಕೇಳಿ ಮೇಲ್ ಹಾಕಿ ಮೂರು ವಾರ ಆಯಿತು, 'ನೋಡುತ್ತಿದ್ದೇವೆ' ಅಂತ ಉತ್ತರ.

ನಮ್ಮನೆಯಲ್ಲಿ ಸದ್ಯಕ್ಕೆ ಬಿ.ಕಾಂ. ಅರ್ಜಿಯೂ ಇದೆ, ಕ್ಲಬ್‌ಗೆ ಆ ಮೂರು ಪ್ರಶ್ನೆಯ ಕಾಗದವೂ ಹೋಗಿದೆ. ಕೋಚ್ ಶನಿವಾರ ಬೆಳಿಗ್ಗೆ ಆರಕ್ಕೆ ಕೀಪರ್‌ಗಳಿಗೆ ಮಾತ್ರ ಪ್ರಾಕ್ಟೀಸ್ ಮಾಡಿಸುತ್ತಾರಂತೆ. ಅಷ್ಟರೊಳಗೆ ಹೊಸ ಗ್ಲೌಸ್ ಬೇಕಂತೆ, ಹಳೆಯದರ ಹೆಬ್ಬೆರಳು ಕಿತ್ತುಹೋಗಿದೆ.