ಹಳೇ ಥಾರ್‌ಗೆ ಲಿಫ್ಟ್ ಕಿಟ್ ಮೊದ್ಲಾ, ದೊಡ್ಡ ಟಯರ್ ಮೊದ್ಲಾ? ಮಂಡ್ಯ ಕಡೆ ಎರಡೂ ಓಡ್ಸಿ ನೋಡಿದ್ದು

ನಮ್ಮನೇಲೊಂದು, ಮೈಸೂರಲ್ಲಿರೋ ಭಾವಮೈದುನನ ಹತ್ರ ಒಂದು, ಎರಡೂ ಮಹೀಂದ್ರಾದ ಹಳೇ ಥಾರ್ ಜೀಪು, ಸಿಆರ್‌ಡಿಇ ಅನ್ನೋ ಡೀಸೆಲ್ ಇಂಜಿನ್‌ದು. ಅದೇ, 2020ರ ಹೊಸ ಮಾಡೆಲ್ ಬರೋಕ್ ಮುಂಚೆ ಇತ್ತಲ್ಲ, ಮುಂದೆ ಟಾರ್ಷನ್ ಬಾರು (ತಿರುಚ್ಕೊಂಡು ಸ್ಪ್ರಿಂಗ್ ಕೆಲ್ಸ ಮಾಡೋ ಸರಳು), ಹಿಂದೆ ಕಮಾನ್ ಪಟ್ಟೆ. ಇಬ್ರೂ ಗಾಡಿ ಎತ್ತರ ಮಾಡ್ಸಿದೀವಿ ಆದ್ರೆ ದುಡ್ಡು ಸುರಿದಿರೋ ಜಾಗ ಬೇರೆ. ಅವ್ನು ಹೊಸ ಕಮಾನ್ ಸೆಟ್ಟು, ಉದ್ದ ಶಾಕ್ಸು, ಟಾರ್ಷನ್ ಬಾರು ಎಲ್ಲಾ ಸೇರಿ ಪೂರ್ತಿ ಲಿಫ್ಟ್ ಕಿಟ್ ಹಾಕ್ಸಿ, ಟಯರ್ ಮಾತ್ರ ಕಂಪನಿದೇ ಬಿಟ್ಕೊಂಡಿದ್ದ. ನಾನು ಟಯರ್‌ಗೆ ದುಡ್ಡು ಹಾಕ್ದೆ, ಲಿಫ್ಟ್ ಅಂತ ಮಾಡ್ಸಿದ್ದು ಹಿಂದೆ ಉದ್ದದ ಶ್ಯಾಕಲ್ಲು (ಕಮಾನ್ ಪಟ್ಟೆನ ಚಾಸಿಗೆ ಸೇರ್ಸೋ ಕೊಂಡಿ), ಮುಂದೆ ಟಾರ್ಷನ್ ಬಾರ್ ಬೋಲ್ಟ್ ಟೈಟು, ಅಷ್ಟೇ. ಗಾಡಿ ಅದ್ಲು ಬದ್ಲು ಮಾಡ್ಕೊಂಡು ಪಾಂಡವಪುರದ ನಾಲೆ ಏರಿ, ಮೇಲುಕೋಟೆ ಕಡೆ ಕಲ್ಲು ದಾರಿ, ಎಕ್ಸ್‌ಪ್ರೆಸ್‌ವೇ ಎಲ್ಲಾ ಕಡೆ ಓಡ್ಸಿದೀವಿ.

ಒಂದ್ ಲಕ್ಷದೊಳಗೆ ಮುಗಿಸ್ಬೇಕು ಅನ್ನೋರು ಕಣ್ಣು ಮುಚ್ಕೊಂಡು ಟಯರ್‌ಗೆ ಮೊದ್ಲು ದುಡ್ಡು ಎತ್ತಿಡಿ.

ಯಾಕಂದ್ರೆ ನಮ್ ಕಡೆ ಗಾಡಿ ಸಿಕ್ಕಾಕ್ಕೊಳ್ಳೋದು ಬಂಡೆ ಮೇಲಲ್ಲ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿರೋ ದಾರೀಲಿ. ಕಟಾವು ಟೈಮಲ್ಲಿ ಲೋಡ್ ಟ್ರೇಲರ್ ಹೋಗಿ ಹೋಗಿ ಎರಡೂ ಕಡೆ ಆಳದ ಜಾಡು ಬೀಳುತ್ತೆ, ಮಧ್ಯದಲ್ಲಿ ಮಣ್ಣಿನ ದಿಬ್ಬ ನಿಂತ್ಕೊಳ್ಳುತ್ತೆ, ಆ ದಿಬ್ಬಕ್ಕೆ ಮೊದ್ಲು ತಗಲೋದೇ ಹಿಂದಿನ ಆಕ್ಸಲ್ ಹೌಸಿಂಗು, ಅಂದ್ರೆ ಎರಡು ಹಿಂದಿನ ಚಕ್ರದ ಮಧ್ಯೆ ಇರೋ ಕಬ್ಬಿಣದ ಗೂಡು. ಲಿಫ್ಟ್ ಕಿಟ್ ಹಾಕಿದ್ರೆ ಚಾಸಿ ಮೇಲೆ ಹೋಗುತ್ತೆ, ಬಾಡಿ ಮೇಲೆ ಹೋಗುತ್ತೆ, ಮುಂದಿನ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚೋ ಗೇರ್ ಗೂಡು) ಚಾಸಿಗೆ ಕೂತಿರೋದ್ರಿಂದ ಅದೂ ಹೋಗುತ್ತೆ, ಆದ್ರೆ ಹಿಂದಿನ ಹೌಸಿಂಗ್ ಒಂದು ಕೂದಲೆಳೆನೂ ಮೇಲೇಳಲ್ಲ. ಅದನ್ನ ಎತ್ತೋದು ಟಯರ್ ಮಾತ್ರ. ಕಂಪನಿ ಟಯರ್ 235/70 ಆರ್16, ಲೆಕ್ಕ ಹಾಕಿದ್ರೆ ಎತ್ತರ ಸುಮಾರು 735 ಮಿಲಿಮೀಟರ್. ನಂದು 245/75 ಆರ್16, 774 ಬರುತ್ತೆ. ವ್ಯತ್ಯಾಸದಲ್ಲಿ ಅರ್ಧ ತಾನೇ ಹೌಸಿಂಗ್‌ಗೆ ಸಿಗೋದು, ಅಂದ್ರೆ 19 ಮಿಲಿಮೀಟರ್. ಇಷ್ಟೇನಾ ಅನ್ಸುತ್ತೆ, ಆದ್ರೆ ಮಳೆ ಬಿದ್ದ ಮಾರ್ನೇ ದಿನ ಅದೇ ಜಾಡಲ್ಲಿ ಅವ್ನ ಗಾಡಿ ದಿಬ್ಬ ಕೆರ್ಕೊಂಡು ನಿಂತ್ಕೊಳ್ತು, ನಂದು ಹೊಟ್ಟೆ ಸವರ್ಕೊಂಡು ದಾಟ್ತು.

ಖರ್ಚಿಗೆ ಬರೋಣ. ನಂದು ಎಟಿ (ಆಲ್ ಟೆರೇನ್, ರಸ್ತೆಗೂ ಮಣ್ಣಿಗೂ ಆಗೋದು) ಟಯರು ಒಂದಕ್ಕೆ ಹತ್ತತ್ರ 12 ಸಾವಿರ, ಸ್ಟೆಪ್ನಿ ಸೇರ್ಸಿ ಐದು ತಗೊಳ್ಳೇಬೇಕು, ನಾಕೇ ತಗೊಂಡು ಸ್ಟೆಪ್ನಿ ಹಳೇ ಸೈಜ್ ಇಟ್ಕೊಂಡ್ರೆ ಪಂಕ್ಚರ್ ಆದ ದಿನ ಫೋರ್ ಬೈ ಫೋರ್ (ನಾಲ್ಕೂ ಚಕ್ರದ ಎಳೆತ) ಹಾಕಂಗಿಲ್ಲ, ಸೈಜ್ ಬೇರೆ ಇದ್ರೆ ಗೇರ್‌ಬಾಕ್ಸ್ ಮೇಲೆ ಎಳೆತ ಬೀಳುತ್ತೆ. ಹಂಗಾಗಿ 60 ಸಾವಿರ. ಶ್ಯಾಕಲ್ಲು, ಲೇಬರ್ರು, ಅಲೈನ್‌ಮೆಂಟ್ ಎಲ್ಲಾ ಸೇರಿ ಇನ್ನೊಂದ್ ಹತ್ತು. ಅವ್ನ ಕಿಟ್ಟು ಫಿಟ್ಟಿಂಗ್ ಸೇರಿ 90 ದಾಟ್ತು, ಅದೂ ಟಯರ್ ಬಿಟ್ಟು. ಶ್ಯಾಕಲ್ ತಗೊಳ್ಳೋರು ಒಂದು ಗಮನಿಸ್ಬೇಕು, ಕಂಪನಿದಕ್ಕಿಂತ ಎರಡಿಂಚು ಜಾಸ್ತಿ ಉದ್ದದ ಶ್ಯಾಕಲ್ ಹಾಕಿದ್ರೆ ಗಾಡಿ ಏಳೋದು ಒಂದಿಂಚೇ.

ಹಂಗಂತ ಕಿಟ್ ವೇಸ್ಟ್ ಅಂತ ಹೇಳಲ್ಲ. ಓಡ್ಸೋ ಸುಖದಲ್ಲಿ ಅವ್ನ ಗಾಡೀನೇ ಮೇಲು, ಅದ್ರಲ್ಲಿ ಎರಡ್ ಮಾತಿಲ್ಲ. ಟಾರ್ಷನ್ ಬಾರ್ ಟೈಟ್ ಮಾಡಿದ್ರೆ ಚಕ್ರ ಕೆಳಗಿಳಿಯೋ ಜಾಗ ಕಮ್ಮಿ ಆಗುತ್ತೆ, ಅದಕ್ಕೇ ನನ್ ಗಾಡಿ ಹಂಪ್ ಇಳಿಯೋವಾಗ ಮುಂದೆ ಟಕ್ ಅನ್ನುತ್ತೆ, ಜಾಸ್ತಿ ಏರ್ಸಿದ್ರೆ ಮುಂದಿನ ಡ್ರೈವ್ ಶಾಫ್ಟು ಓರೆ ಆಗಿ ರಬ್ಬರ್ ಬೂಟ್ ಬೇಗ ಹರಿಯುತ್ತೆ, ಅದಕ್ಕೆ ನಾನು ಒಂದಿಂಚಿಗೇ ನಿಲ್ಲಿಸ್ದೆ. ಎಚ್.ಡಿ.ಕೋಟೆ ಕಡೆ ತೋಟಕ್ಕೆ ಗೊಬ್ಬರ ಮೂಟೆ ಹೇರ್ಕೊಂಡು ಹೋಗೋದು ಅವ್ನು, ಲೋಡ್ ಹಾಕಿದ್ರೂ ಹಿಂದೆ ಕುಕ್ಕರಿಸಲ್ಲ, ನಂದು ಕುಕ್ಕರಿಸುತ್ತೆ.

ಈಗ ಅವ್ನೂ ಟಯರ್ ಬದಲಾಯ್ಸಿದಾನೆ, 265/75 ಆರ್16 ಎಂಟಿ (ಮಡ್ ಟೆರೇನ್, ಕೆಸರಿಗೇ ಅಂತ ಮಾಡಿರೋದು), ಎತ್ತರ 804. ಜೇಡಿ ಮಣ್ಣಲ್ಲಿ ನನ್ನ ಎಟಿ ಟಯರಿನ ಗೀರುಗಳಲ್ಲಿ ಮಣ್ಣು ಮೆತ್ಕೊಂಡು ನುಣ್ಣಗಾದ್ರೆ ಅವ್ನದು ಉಗುಳ್ಕೊಂಡು ಹೋಗುತ್ತೆ. ಆದ್ರೆ ಎಕ್ಸ್‌ಪ್ರೆಸ್‌ವೇಲಿ ಮಂಡ್ಯ ಬರೋ ಅಷ್ಟ್ರಲ್ಲಿ ಗುಂಯ್ ಅನ್ನೋ ಸದ್ದಿಗೆ ಮಾತಾಡಕ್ಕಾಗಲ್ಲ, ಸ್ಟೇರಿಂಗ್ ಪೂರ್ತಿ ತಿರುಗ್ಸಿದ್ರೆ ಒಳಗೆ ಉಜ್ಜುತ್ತೆ, ಐದನೇ ಗೇರಲ್ಲಿ ಎಳೆಯಲ್ಲ. ಎಟಿಗೆ ಕೆಸರಲ್ಲಿ ಗಾಳಿ 18-20 ಪಿಎಸ್ಐಗೆ ಇಳಿಸ್ಬಿಟ್ರೆ ಮುಕ್ಕಾಲು ಪಾಲು ಕೆಲ್ಸ ಆಗುತ್ತೆ, ಹಂಗಾಗಿ ಒಂದು ಸಣ್ಣ ಕಂಪ್ರೆಸರ್‌ಗೆ ಬಜೆಟ್ಟಲ್ಲಿ ಜಾಗ ಇಡಿ.

ಮೀಟರ್ ಲೆಕ್ಕನೂ ಬದಲಾಗುತ್ತೆ. ಮೀಟರ್ ಕಂಪನಿ ಟಯರ್‌ಗೆ ಸರಿಯಾಗಿತ್ತು ಅಂತಿಟ್ಕೊಂಡ್ರೆ ನನ್ ಗಾಡಿ 100 ತೋರ್ಸೋವಾಗ ಓಡ್ತಿರೋದು 105, ಅವ್ನದು 109. ಕಿಲೋಮೀಟರ್ ಕಮ್ಮಿ ತೋರ್ಸೋದ್ರಿಂದ ಮೈಲೇಜ್ ನಿಜಕ್ಕಿಂತ ಕಮ್ಮಿ ಬಿದ್ದಂಗೆ ಕಾಣುತ್ತೆ, ಅದನ್ನ ಸರಿ ಮಾಡ್ಕೊಂಡೇ ಲೆಕ್ಕ ಹಾಕ್ಬೇಕು.

ಕಾನೂನಿನ ವಿಷ್ಯ ಗ್ಯಾರೇಜೋರು ಹೇಳಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟಿರೋ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಾಯ್ಸಂಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಕ್ಲೇಮ್ ಟೈಮಲ್ಲಿ ತಕರಾರು ಬರಬಹುದು, ಹಂಗಾಗಿ ದುಡ್ಡು ಕಟ್ಟೋಕ್ ಮುಂಚೆ ಆರ್‌ಟಿಓ ಆಫೀಸಲ್ಲೂ ಇನ್ಶೂರೆನ್ಸ್ ಏಜೆಂಟ್ ಹತ್ರನೂ ಕೇಳ್ಕೊಳ್ಳಿ. ಕಂಪನಿ ಸೈಜಲ್ಲೇ ಒಳ್ಳೆ ಎಟಿ ಟಯರ್ ಹಾಕಿದ್ರೆ ಈ ತಲೆನೋವೇ ಇಲ್ಲ, ಹೌಸಿಂಗ್ ಏಳಲ್ಲ ನಿಜ, ಕೆಸರಲ್ಲಿ ಹಿಡಿತ ಮಾತ್ರ ಹೆಚ್ಚು ಕಮ್ಮಿ ನನ್ ದೊಡ್ಡ ಟಯರಷ್ಟೇ ಸಿಗುತ್ತೆ, ಐದು ಟಯರಿಗೆ ಖರ್ಚೂ ಕಮ್ಮಿ.